ಗುಮಾಸ್ತನ ಬಿಡುವು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯೆಂದರೆ ವಿದ್ವಾಂಸರ ವೇದಿಕೆ. ಕದಂಬರಿಂದ ಹಿಡಿದು ಏಕೀಕರಣದವರೆಗೆ ನಾಡಿನ ಚರಿತ್ರೆಯನ್ನು ಬಲ್ಲವರು ಇಲ್ಲಿ ನಿಂತು ಮಾತನಾಡುವುದು ರೂಢಿ. ಅಂಥ ಕಡೆ ಈ ಸಲ ಬ್ಯಾಂಕಿನ ಗುಮಾಸ್ತನೊಬ್ಬನನ್ನು ನಿಲ್ಲಿಸಿ, ನಿಮಗೆ ತೋಚಿದ್ದನ್ನು ಹೇಳಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದಾರೆ. ನಾವು ಓದಿದ್ದು ಬಿ.ಕಾಂ.; ಬಲ್ಲದ್ದು ಜಮೆ ಮತ್ತು ಖರ್ಚು. ಆದುದರಿಂದ ಒಂದು ಲೆಕ್ಕವನ್ನೇ ತಮ್ಮ ಮುಂದೆ ಇಡುತ್ತೇವೆ. ಅದು ಹಣದ ಲೆಕ್ಕವಲ್ಲ, ಬಿಡುವಿನ ಲೆಕ್ಕ.

ಮೊದಲು ನಮ್ಮ ಹೆಸರಿನ ಮಾತು. ಮೈಸೂರಿನ ಕಡೆಯವರು ನಮ್ಮನ್ನು ಗುಮಾಸ್ತ ಎನ್ನುತ್ತಾರೆ. ಧಾರವಾಡ, ಬೆಳಗಾವಿಯವರು ಕಾರಕೂನ ಎನ್ನುತ್ತಾರೆ. ಎರಡೂ ಪಾರ್ಸಿಯಿಂದ ಬಂದ ಶಬ್ದಗಳು. ನಾಡನ್ನು ಆಳುವವರು ಬದಲಾದರೂ ಲೆಕ್ಕ ಬರೆಯುವವನು ಬದಲಾಗಲಿಲ್ಲವೆಂಬುದಕ್ಕೆ ಸಾಕ್ಷಿ. ೨೦೨೪ರ ಮಾರ್ಚ್ ತಿಂಗಳ ವೇತನ ಒಪ್ಪಂದವಾದ ಮೇಲೆ ನಮಗೆ 'ಕಸ್ಟಮರ್ ಸರ್ವಿಸ್ ಅಸೋಸಿಯೇಟ್' ಎಂಬ ಬಿರುದು ದೊರೆತಿದೆ. ಹೆಸರು ಉದ್ದವಾಯಿತು, ಕೌಂಟರಿನ ಮುಂದಿನ ಸಾಲು ಮಾತ್ರ ಗಿಡ್ಡವಾಗಲಿಲ್ಲ. ಇರಲಿ. ನಮಗೆ ಗುಮಾಸ್ತ ಎಂಬ ಹಳೆಯ ಹೆಸರೇ ಹಿತ. ಹಳೆಯ ಚಪ್ಪಲಿಯಂತೆ ಅದು ಕಾಲಿಗೆ ಕಚ್ಚುವುದಿಲ್ಲ.

ಇನ್ನು ಬಿಡುವು ಎಂಬ ಮಾತು. ಕೆಲಸವಿಲ್ಲದ ದಿನಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ರಜೆ ಎನ್ನುತ್ತೇವೆ, ಸೂಟಿ ಎನ್ನುತ್ತೇವೆ, ಪುರುಸೊತ್ತು ಎನ್ನುತ್ತೇವೆ. ರಜೆಯೆಂಬುದು ಅರಬ್ಬಿಯಿಂದ ಬಂದ ಪದ. ಅದರ ಮೂಲಾರ್ಥವೇ ಒಪ್ಪಿಗೆ. ಅಂದರೆ ಮೇಲಿನವರು ಒಪ್ಪಿ ಕೊಟ್ಟರೆ ಮಾತ್ರ ಅದು ನಮಗುಂಟು. ಆದರೆ ಬಿಡುವು ಎಂಬುದು ಅಚ್ಚಗನ್ನಡ. 'ಬಿಡು' ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ರಜೆಯನ್ನು ಇನ್ನೊಬ್ಬರು ಕೊಡಬೇಕು. ಬಿಡುವನ್ನು ನಾವೇ ಬಿಡಿಸಿಕೊಳ್ಳಬೇಕು. ಈ ಎರಡರ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಲೆಕ್ಕವನ್ನು ತಾವು ಕೇಳಬೇಕು.

ಜಮೆಯ ಕಡೆಯಿಂದ ಪ್ರಾರಂಭಿಸೋಣ. ವರ್ಷಕ್ಕೆ ೫೨ ಭಾನುವಾರ. ೨೦೧೫ರ ಸೆಪ್ಟೆಂಬರ್ ೧ರಿಂದ ಬ್ಯಾಂಕುಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಪೂರ್ತಿ ರಜೆ, ಅವು ೨೪. ಹಬ್ಬಹರಿದಿನ, ರಾಷ್ಟ್ರೀಯ ದಿನಗಳಲ್ಲಿ ಭಾನುವಾರಕ್ಕೆ ಬಿದ್ದು ನಷ್ಟವಾದವನ್ನು ಕಳೆದರೆ ಸುಮಾರು ೨೦ ಎನ್ನಿ. ಕ್ಯಾಷುಯಲ್ ರಜೆ ೧೨. ಕೂಡಿಸಿ ನೋಡಿದರೆ ಸರಿಯಾಗಿ ೧೦೮! ಅಷ್ಟೋತ್ತರ ಶತ. ಜಪಮಾಲೆಯಲ್ಲಿ ಎಷ್ಟು ಮಣಿಗಳೋ ಗುಮಾಸ್ತನಿಗೆ ಅಷ್ಟು ರಜೆ. ಹೊರಗಿನವರು ಇದನ್ನು ಕೇಳಿದರೆ, ಇವರು ಕೆಲಸ ಮಾಡುವುದು ಯಾವಾಗ ಎಂದು ಹುಬ್ಬೇರಿಸುವುದು ಸಹಜ.

ಈಗ ಖರ್ಚು. ೩೬೫ರಲ್ಲಿ ೧೦೮ ಕಳೆದರೆ ೨೫೭. ಊರಿಗೆ ಹೋಗಿ ಬರಲು, ಮದುವೆ ಮುಂಜಿಗಳಿಗೆ, ಮನೆಯವರ ಕಾಯಿಲೆಗೆಂದು ಪ್ರಿವಿಲೆಜ್ ರಜೆ ೧೭ ದಿನ ಹಿಡಿಯಿರಿ. ಉಳಿದದ್ದು ೨೪೦ ದಿನ. ಡೊಂಬಿವಿಲಿಯಲ್ಲಿ ಮನೆ, ಫೋರ್ಟಿನಲ್ಲಿ ನೌಕರಿ ಇರುವವನಿಗೆ ಮನೆಯ ಬಾಗಿಲಿನಿಂದ ಬ್ಯಾಂಕಿನ ಬಾಗಿಲಿಗೆ ಎರಡು ಗಂಟೆ. ಮರಳಿ ಬರಲು ಎರಡು ಗಂಟೆ. ದಿನಕ್ಕೆ ೪ರಂತೆ ವರ್ಷಕ್ಕೆ ೯೬೦ ಗಂಟೆ. ಅಂದರೆ ಹಗಲೂ ರಾತ್ರಿಯೂ ಸೇರಿದ ಪೂರ್ತಿ ೪೦ ದಿನ. ಮೂವತ್ತು ವರ್ಷದ ಸರ್ವೀಸಿನಲ್ಲಿ ೧೨೦೦ ದಿನ. ಮೂರು ವರ್ಷ ಮೂರು ತಿಂಗಳಿಗೂ ಮಿಕ್ಕಿತು. ಅದರಲ್ಲಿ ಬಹುಭಾಗ ಒಂಟಿ ಕಾಲಿನ ಮೇಲೆ. ಭಗೀರಥನೂ ಒಂಟಿ ಕಾಲಿನಲ್ಲಿ ನಿಂತಿದ್ದನಂತೆ. ಅವನಿಗೆ ಗಂಗೆ ಪ್ರತ್ಯಕ್ಷಳಾದಳು. ನಮಗೆ ಪ್ರತ್ಯಕ್ಷವಾದದ್ದು ಭಾಯ್‌ಖಳಾ ನಿಲ್ದಾಣ.

ನಗುವ ಮಾತಲ್ಲ ಇದು. ಬ್ಯಾಂಕು ನಮಗೆ ಕೊಟ್ಟ ೧೦೮ರಲ್ಲಿ ೪೦ನ್ನು ರೈಲು ಕಸಿದುಕೊಂಡಿತು. ಉಳಿದ ೬೮ರಲ್ಲಿ ನಿದ್ದೆ, ಕ್ಷೌರ, ರೇಷನ್ನು, ನೀರಿನ ನಲ್ಲಿಯ ರಿಪೇರಿ, ಮಗುವಿನ ಶಾಲೆಯ ಪ್ರಾಜೆಕ್ಟು, ಸೊಸೈಟಿಯ ಸಭೆ, ಆಸ್ಪತ್ರೆಯಲ್ಲಿರುವವರನ್ನು ನೋಡಿ ಬರುವುದು ಇವೆಲ್ಲ ಆಗಬೇಕು. ಕೊನೆಗೆ ಬಾಕಿ ಉಳಿಯುವ ಬಿಡುವು ಎಷ್ಟು ಎಂದು ನಮ್ಮನ್ನು ಕೇಳಬೇಡಿ. ತಮ್ಮ ತಮ್ಮ ಪಾಸ್‌ಬುಕ್ಕನ್ನು ತಾವೇ ನೋಡಿಕೊಳ್ಳಿ.

ಹಾಗೆಂದು ಈ ಭಾನುವಾರವನ್ನು ಹಗುರವಾಗಿ ಎಣಿಸಲಾಗದು. ಅದು ಆಕಾಶದಿಂದ ಉದುರಿದ್ದಲ್ಲ. ಒಂದು ಕಾಲಕ್ಕೆ ಇದೇ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಕೆಲಸಗಾರರಿಗೆ ವಾರದ ರಜೆಯೆಂಬುದೇ ಇರಲಿಲ್ಲ. ಸೂರ್ಯ ಹುಟ್ಟಿದಾಗ ಒಳಗೆ ಹೋದವರು ಸೂರ್ಯ ಮುಳುಗಿದ ಮೇಲೆ ಹೊರಗೆ ಬರುತ್ತಿದ್ದರು. ನಾರಾಯಣ ಮೇಘಾಜಿ ಲೋಖಂಡೆ ಎಂಬುವರು ೧೮೮೪ರಲ್ಲಿ ಗಿರಣಿ ಕೆಲಸಗಾರರ ಸಂಘವನ್ನು ಕಟ್ಟಿ, ಸಭೆ ಸೇರಿಸಿ, ಅರ್ಜಿಗಳನ್ನು ಬರೆದು ವರ್ಷಗಟ್ಟಲೆ ದುಡಿದರು. ೧೮೯೦ರಲ್ಲಿ ಗಿರಣಿ ಮಾಲಿಕರು ಭಾನುವಾರದ ರಜೆಗೆ ಒಪ್ಪಿದರು. ಲೋಖಂಡೆಯವರು ಹಿಂದೆ ಗಿರಣಿಯೊಂದರಲ್ಲಿ ಉಗ್ರಾಣದ ಲೆಕ್ಕ ನೋಡುತ್ತಿದ್ದವರು. ಲೆಕ್ಕ ಬರೆಯುವ ಜಾತಿಗೆ ಅವರು ನಮ್ಮ ಹಿರಿಯಣ್ಣನಿದ್ದಂತೆ. ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಹೊದಿಕೆ ಎಳೆದುಕೊಳ್ಳುವಾಗ ಅವರನ್ನು ಒಮ್ಮೆ ನೆನೆದರೆ ತಪ್ಪಿಲ್ಲ.

ರೈಲು ಬಿಡುವನ್ನು ಕಸಿಯಿತೆಂದೆವು. ಆದರೆ ಈ ಊರಿನ ಜನ ಜಾಣರು. ಕಸಿದುಕೊಂಡ ರೈಲಿನಲ್ಲಿಯೇ ಬಿಡುವನ್ನು ಬೆಳೆದರು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು ೧೮೫೩ರ ಏಪ್ರಿಲ್ ೧೬ರಂದು. ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ೧೯೨೫ರ ಫೆಬ್ರವರಿ ೩ರಂದು. ಅಂದಿನಿಂದ ಇಂದಿನವರೆಗೆ ಡಬ್ಬಿಯಲ್ಲಿ ಹುಟ್ಟಿದ ಸಂಸಾರಗಳು ಎಷ್ಟೋ! ತಾಳ ಹಾಕಿ ಭಜನೆ ಮಾಡುವವರು ಒಂದು ಮೂಲೆಯಲ್ಲಿ. ಮೊಣಕಾಲುಗಳ ಮೇಲೆ ಬ್ಯಾಗನ್ನು ಅಡ್ಡವಿಟ್ಟು ಇಸ್ಪೀಟು ಆಡುವವರು ಇನ್ನೊಂದು ಮೂಲೆಯಲ್ಲಿ. ಹೆಂಗಸರ ಡಬ್ಬಿಯಲ್ಲಿ ರಾತ್ರಿಯ ಅಡಿಗೆಗೆ ಸೊಪ್ಪು ಬಿಡಿಸುವವರು, ಬಟಾಣಿ ಸುಲಿಯುವವರು. ದಸರೆಯ ಹೊತ್ತಿಗೆ ಡಬ್ಬಿಗೇ ತೋರಣ ಕಟ್ಟಿ, ಪೂಜೆ ಮಾಡಿ, ಪ್ರಸಾದ ಹಂಚುತ್ತಾರೆ. ಊರಿನಲ್ಲಿ ಅಶ್ವತ್ಥಕಟ್ಟೆ ಮಾಡುವ ಕೆಲಸವನ್ನು ಇಲ್ಲಿ ಎಂಟು ಹನ್ನೆರಡರ ಫಾಸ್ಟು ಮಾಡುತ್ತದೆ. ನಾಲ್ಕು ದಿನ ಯಾರಾದರೂ ಕಾಣದಿದ್ದರೆ ಡಬ್ಬಿಯವರೇ ಮನೆಗೆ ಹೋಗಿ ವಿಚಾರಿಸಿ ಬಂದದ್ದನ್ನು ನಾವು ಬಲ್ಲೆವು.

ಈಚೆಗೆ ಆ ಕಟ್ಟೆಯೂ ಸ್ವಲ್ಪ ಮೌನವಾಗಿದೆ. ಎಲ್ಲರ ಕತ್ತೂ ಬಾಗಿರುತ್ತದೆ, ವಿನಯದಿಂದಲ್ಲ, ಮೊಬೈಲಿನಿಂದ. ಮೊಬೈಲನ್ನು ಬಯ್ಯುವುದು ಭಾಷಣಕಾರರಿಗೆ ಸುಲಭವಾದ ಕೆಲಸ. ನಾವು ಅದನ್ನು ಮಾಡುವುದಿಲ್ಲ. ೨೦೧೬ರಲ್ಲಿ ಯು.ಪಿ.ಐ. ಬಂದ ಮೇಲೆ ನಮ್ಮ ಕೌಂಟರಿನ ಎಷ್ಟೋ ಕೆಲಸವನ್ನು ಆ ಯಂತ್ರವೇ ಮಾಡಿಕೊಡುತ್ತಿದೆ. ನಮ್ಮ ದೂರು ಬೇರೆ. ಹಿಂದೆ ಬ್ಯಾಂಕಿನ ಕದ ಮುಚ್ಚಿದರೆ ಬ್ಯಾಂಕು ಮುಚ್ಚಿದಂತೆ. ಈಗ ಅದು ಜೇಬಿನಲ್ಲಿ ಕುಳಿತು ಮನೆಗೆ ಬರುತ್ತದೆ. ಯಾವ ಬ್ಯಾಂಕು, ಯಾವ ಶಾಖೆ ಎಂಬುದು ಬೇಡ. ಭಾನುವಾರ ಮಧ್ಯಾಹ್ನ ತಿಳಿಸಾರಿನ ಅನ್ನ ಕಲಸುವ ಹೊತ್ತಿಗೆ ಶಾಖೆಯ ವಾಟ್ಸಾಪಿನಲ್ಲಿ 'ನಾಳೆ ಎಷ್ಟು ಪಾಲಿಸಿ ಮಾಡಿಸುತ್ತೀರಿ' ಎಂದು ಪ್ರಶ್ನೆ ಬರುತ್ತದೆ. ರಜೆ ಇದೆ, ಬಿಡುವಿಲ್ಲ ಎಂಬ ಮಾತಿನ ಅರ್ಥ ಆಗ ಚೆನ್ನಾಗಿ ತಿಳಿಯುತ್ತದೆ. ಎಲ್ಲ ಶನಿವಾರಗಳೂ ರಜೆಯಾಗಬೇಕೆಂದು ನಮ್ಮ ಯೂನಿಯನ್ನುಗಳು ಬಹುಕಾಲ ಕೇಳಿಕೊಂಡು ಬಂದಿವೆ. ನಾವೂ ಆ ಸಾಲಿನಲ್ಲಿ ನಿಂತು ಘೋಷಣೆ ಕೂಗಿದವರೇ. ಆದರೆ ದಿನಗಳನ್ನು ಗೆಲ್ಲುವುದು ಒಂದು ಕೆಲಸ, ಆ ದಿನಗಳನ್ನು ನಮ್ಮವಾಗಿ ಉಳಿಸಿಕೊಳ್ಳುವುದು ಇನ್ನೊಂದು.

ಇಲ್ಲಿಯವರೆಗೆ ಗಂಡಸಿನ ಪಾಸ್‌ಬುಕ್ಕನ್ನು ಓದಿದೆವು. ಮನೆಯಲ್ಲಿ ಇನ್ನೊಂದು ಪಾಸ್‌ಬುಕ್ಕು ಇದೆ. ಕಳೆದ ಸಂಕ್ರಾಂತಿಯ ಕೂಟದಲ್ಲಿ ನಮ್ಮ ಸಂಘದ ಅಕ್ಕನವರೊಬ್ಬರು, "ನಿಮಗೆ ಅದು ಭಾನುವಾರ, ನಮಗೆ ಭಾರವಾರ" ಎಂದು ನಗುತ್ತ ಹೇಳಿದರು. ಎಲ್ಲರೂ ನಕ್ಕೆವು. ಆದರೆ ಲೆಕ್ಕ ಹಾಕಿ ನೋಡಿದರೆ ನಗು ನಿಲ್ಲುತ್ತದೆ. ವಾರವೆಲ್ಲ ಬೆಳಗ್ಗೆ ಅವಸರದ ಉಪ್ಪಿಟ್ಟಾದರೆ ಭಾನುವಾರ ಮಸಾಲೆ ದೋಸೆ. ವಾರವೆಲ್ಲ ಡಬ್ಬಿಗೆ ಚಪಾತಿ ಪಲ್ಯವಾದರೆ ಭಾನುವಾರ ಬಿಸಿಬೇಳೆ ಭಾತು, ಕೋಸಂಬರಿ, ಹಪ್ಪಳ, ನೆಂಟರು. ನಮ್ಮ ಬಿಡುವಿಗೆ ಬೇಕಾದ ಸಾಮಗ್ರಿಯೆಲ್ಲ ಅವರ ಬಿಡುವಿನಿಂದ ಕಡ ತಂದದ್ದು.

ಇದು ನಮ್ಮ ಊಹೆಯಲ್ಲ. ೨೦೧೯ರಲ್ಲಿ ಕೇಂದ್ರ ಸರ್ಕಾರದ ಅಂಕಿಅಂಶದ ಕಛೇರಿಯವರು, ಈ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಮನೆಮನೆಗೆ ಹೋಗಿ ಬರೆದುಕೊಂಡರು. ಸಂಬಳವಿಲ್ಲದ ಮನೆಗೆಲಸವನ್ನು ಮಾಡುವ ಹೆಂಗಸರು ನೂರಕ್ಕೆ ೮೧. ಅವರು ಆಗ ಅದಕ್ಕೆ ದಿನಕ್ಕೆ ಸರಾಸರಿ ೨೯೯ ನಿಮಿಷ ಕೊಡುತ್ತಿದ್ದರು. ಗಂಡಸರು ನೂರಕ್ಕೆ ೨೬. ಅವರು ಕೊಡುತ್ತಿದ್ದದ್ದು ೯೭ ನಿಮಿಷ. ೨೯೯ ನಿಮಿಷವೆಂದರೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ. ನಮ್ಮ ರೈಲಿನ ನಾಲ್ಕು ಗಂಟೆಗೆ ನಾವು ಇಷ್ಟು ಗೋಳು ತೋಡಿಕೊಂಡೆವಲ್ಲ. ಅದಕ್ಕಿಂತ ದೊಡ್ಡ ಮೊತ್ತವಿದು. ಇದಕ್ಕೆ ಭಾನುವಾರವಿಲ್ಲ, ಎರಡನೆಯ ಶನಿವಾರವಿಲ್ಲ, ನಿವೃತ್ತಿಯೂ ಇಲ್ಲ. ಹೊರಗೆ ನೌಕರಿಯನ್ನೂ ಮಾಡುವ ಹೆಣ್ಣುಮಕ್ಕಳು ರೈಲಿನ ಪಾಲನ್ನೂ ಈ ಪಾಲನ್ನೂ ಒಟ್ಟಿಗೆ ಹೊರುತ್ತಾರೆ. ಡಬಲ್ ಎಂಟ್ರಿ ಪದ್ಧತಿಯಲ್ಲಿ ಒಂದು ಕಡೆ ಜಮೆಯಾದದ್ದು ಇನ್ನೊಂದು ಕಡೆ ಖರ್ಚಾಗಿಯೇ ತೀರಬೇಕು. ನಮ್ಮ ಜಮೆ ಯಾರ ಖರ್ಚೆಂಬುದನ್ನು ಕಾಣಲು ಬಿ.ಕಾಂ. ಬೇಕಾಗಿಲ್ಲ.

ಇನ್ನೊಂದು ಬಳಗವನ್ನೂ ಇಲ್ಲಿ ನೆನೆಯಬೇಕು. ಮಾಟುಂಗದಲ್ಲಿ ಎ. ರಾಮ ನಾಯಕರು ೧೯೪೨ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಪ್ರಾರಂಭಿಸಿದರು. ಅಂಥ ಉಡುಪಿ ಹೋಟೆಲುಗಳೇ ಈ ಊರಿನಲ್ಲಿ ನಮ್ಮವರ ಮೊದಲ ನೆಲೆ. ಊರು ಭಾನುವಾರ ವಿರಮಿಸಿದರೆ ಹೋಟೆಲಿನ ಹುಡುಗ ಭಾನುವಾರ ಓಡುತ್ತಾನೆ. ನಮ್ಮ ರಜೆಯ ದಿನವೇ ಅವನ ದೊಡ್ಡ ಕೆಲಸದ ದಿನ. ಹೀಗಿದ್ದೂ ಹಿಂದಿನ ತಲೆಮಾರಿನ ಆ ಹುಡುಗರು ಬಿಡುವನ್ನು ಹೇಗೆ ಬಿಡಿಸಿಕೊಂಡರೆಂಬುದು ಸೋಜಿಗ. ಹಗಲೆಲ್ಲ ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಮೆಟ್ರಿಕ್ಯುಲೇಷನ್ ಮುಗಿಸಿದವರು, ಮುಂದೆ ಬೆಳಗಿನ ಕಾಲೇಜಿನಲ್ಲಿ ಡಿಗ್ರಿ ಪಡೆದು ಬ್ಯಾಂಕು, ವಿಮಾ ಕಛೇರಿಗಳನ್ನು ಸೇರಿದವರು ಈ ನಗರದಲ್ಲಿ ಲೆಕ್ಕವಿಲ್ಲದಷ್ಟು. ಅವರಿಗೆ ಪಾಠ ಹೇಳಿದವರಾದರೂ ಯಾರು? ಹಗಲು ಆಫೀಸಿನಲ್ಲಿ ದುಡಿದು ಸಂಜೆ ಸೀಮೆಸುಣ್ಣ ಹಿಡಿದವರೂ ಅವರಲ್ಲಿ ಅನೇಕರು. ಇಬ್ಬರಿಗೂ ರಜೆ ಇರಲಿಲ್ಲ. ಇಬ್ಬರೂ ಬಿಡುವು ಮಾಡಿಕೊಂಡರು.

ಸಾಹಿತ್ಯದ ಕಡೆ ನೋಡಿದರೂ ಇದೇ ಕಥೆ. 'ಮೈಸೂರು ಮಲ್ಲಿಗೆ'ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಛೇರಿಯ ಗುಮಾಸ್ತರಾಗಿದ್ದವರು. ಪು.ತಿ.ನ. ಅವರು ಮೈಸೂರು ಸೈನ್ಯದ ಕಛೇರಿಯಲ್ಲಿ ಕಾಗದಪತ್ರಗಳ ನಡುವೆ ದುಡಿದವರು. ನಮ್ಮ ಮುಂಬಯಿಯಲ್ಲಿಯೇ ವ್ಯಾಸರಾಯ ಬಲ್ಲಾಳರು ಕಂಪನಿಯ ನೌಕರಿ ಮಾಡುತ್ತ ಕಾದಂಬರಿಗಳನ್ನು ಬರೆದರು. ಯಶವಂತ ಚಿತ್ತಾಲರು ಪ್ಲಾಸ್ಟಿಕ್ ಉದ್ಯಮದಲ್ಲಿ ದೊಡ್ಡ ಹೊಣೆ ಹೊತ್ತಿದ್ದೂ ೧೯೭೯ರಲ್ಲಿ 'ಶಿಕಾರಿ'ಯನ್ನು ಕೊಟ್ಟರು. ಇನ್ನೂ ಹಿಂದೆ ಹೋದರೆ, ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಅಕ್ಕಿ ಆಯುವ ಲಕ್ಕಮ್ಮ ಇವರೆಲ್ಲ ಕಾಯಕ ಮುಗಿಸಿ ಬಂದು ಕೂಡಿದ ಹೊತ್ತಿನಲ್ಲಿಯೇ ವಚನ ಬೆಳೆದದ್ದು. ನಾವೆಲ್ಲರೂ ಕವಿಗಳಾಗಬೇಕೆಂದು ಇದರ ಅರ್ಥವಲ್ಲ. ಹಾಗಾದರೆ ಓದುವವರು ಯಾರು? ಬಿಡುವು ಕೆಲಸ ಮುಗಿದ ಮೇಲೆ ಉಳಿಯುವ ಚಿಲ್ಲರೆಯಲ್ಲ, ಅದೇ ಒಂದು ಮೂಲಧನ ಎಂದು ಹೇಳುವುದಷ್ಟೇ ನಮ್ಮ ಉದ್ದೇಶ.

ಈಗ ರಾಜ್ಯೋತ್ಸವಕ್ಕೂ ಈ ಮಾತಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಇಲ್ಲಿಯೇ ಇದೆ. ೧೯೫೬ರ ನವೆಂಬರ್ ೧ರಂದು ನಾಡು ಒಂದಾಯಿತು; ೧೯೭೩ರ ಅದೇ ದಿನ ಅದಕ್ಕೆ ಕರ್ನಾಟಕವೆಂಬ ಹೆಸರು ಬಂತು. ಆ ನಾಡಿನೊಳಗೆ ಇರುವವರಿಗೆ ಕನ್ನಡ ಗಾಳಿಯಂತೆ. ಬಸ್ಸಿನ ಹಲಗೆಯಲ್ಲಿ, ತರಕಾರಿಯವಳ ಕೂಗಿನಲ್ಲಿ, ತಾಲ್ಲೂಕು ಕಛೇರಿಯ ಅರ್ಜಿಯಲ್ಲಿ ಅದು ತಾನಾಗಿಯೇ ಕಿವಿಗೆ ಬೀಳುತ್ತದೆ, ಕಣ್ಣಿಗೆ ಬೀಳುತ್ತದೆ. ನಮಗೆ ಹಾಗಲ್ಲ. ಬೆಳಗ್ಗೆ ಹಾಲಿನವನೊಡನೆ ಮರಾಠಿ, ರೈಲಿನಲ್ಲಿ ಹಿಂದಿ, ಬ್ಯಾಂಕಿನ ಕಾಗದದಲ್ಲಿ ಇಂಗ್ಲಿಷು. ಅನ್ನ ಕೊಡುವ ಆ ಮೂರು ಭಾಷೆಗಳ ಋಣ ದೊಡ್ಡದು. ಅದರಲ್ಲಿಯೂ ಮರಾಠಿ ನಮ್ಮನ್ನು ತನ್ನವರೆಂದೇ ನಡೆಸಿಕೊಂಡಿದೆ. ಆದರೆ ಕನ್ನಡ? ಅದು ಕೆಲಸದ ಹೊತ್ತಿನ ಭಾಷೆಯಲ್ಲ. ಇಲ್ಲಿ ಕನ್ನಡ ಬದುಕಿರುವುದು ನಮ್ಮ ಬಿಡುವಿನಲ್ಲಿ. ರಾತ್ರಿ ಊಟದ ಹೊತ್ತಿನ ಮಾತಿನಲ್ಲಿ, ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಮೇಳದ ಚೆಂಡೆಯಲ್ಲಿ, ಸಂಘದ ಈ ಕುರ್ಚಿಗಳಲ್ಲಿ. ಬಿಡುವು ಸವೆದಷ್ಟೂ ಕನ್ನಡ ಸವೆಯುತ್ತದೆ. ಪರನಾಡಿನ ಕನ್ನಡಿಗನ ಬಿಡುವು ಅವನ ಸ್ವಂತ ಸೊತ್ತಲ್ಲ. ಅದರ ಮೇಲೆ ನುಡಿಯ ಅಡಮಾನವಿದೆ.

೧೯೨೬ರಲ್ಲಿ ಮುಂಬಯಿಯ ಮೈಸೂರು ಅಸೋಸಿಯೇಷನ್ ಹುಟ್ಟಿತು. ಅದರ ಹಿಂದೆಯೂ ಮುಂದೆಯೂ ಈ ನಗರದಲ್ಲಿ ಹುಟ್ಟಿದ ಸಣ್ಣ ದೊಡ್ಡ ಕನ್ನಡ ಸಂಘಗಳನ್ನು ಕೇವಲ ಶ್ರೀಮಂತರ ದೇಣಿಗೆ ಕಟ್ಟಲಿಲ್ಲ. ಅರ್ಧ ದಿನದ ಶನಿವಾರ ಮುಗಿಸಿ, ಮನೆಗೂ ಹೋಗದೆ, ಅದೇ ಡಬ್ಬಿಯ ಚೀಲ ಹಿಡಿದು ಬಂದು ಆಮಂತ್ರಣ ಪತ್ರಿಕೆಗೆ ವಿಳಾಸ ಬರೆದವರು ಕಟ್ಟಿದರು. ಈಗ ನಮಗೆ ಪೂರ್ತಿ ಶನಿವಾರಗಳೇ ಇವೆ; ಆದರೆ ನಮ್ಮ ಸಂಘದ ಪುಸ್ತಕದ ಬೀರುವಿನ ಬೀಗ ತಿಂಗಳಿಗೊಮ್ಮೆ ತೆರೆದರೆ ಹೆಚ್ಚು. ಮಕ್ಕಳು ಕನ್ನಡವನ್ನು ಆಡುತ್ತಾರೆ, ಓದಲಾರರು. ಅಜ್ಜಿಯ ಕಾಗದವನ್ನು ತಂದೆ ಓದಿ ಹೇಳಬೇಕಾದ ಮನೆಗಳು ಇಲ್ಲಿ ಕುಳಿತವರಲ್ಲಿಯೇ ಇವೆ. ಒಂದು ತಲೆಮಾರು ಹೀಗೇ ಕಳೆದರೆ ಆಡುವುದೂ ನಿಲ್ಲುತ್ತದೆ. ಆಗ ರಾಜ್ಯೋತ್ಸವದ ಆಮಂತ್ರಣವನ್ನು ಯಾವ ಲಿಪಿಯಲ್ಲಿ ಅಚ್ಚು ಹಾಕಿಸುವುದು?

ದೂರು ಹೇಳಿ ಕೂತರೆ ಗುಮಾಸ್ತನಿಗೆ ಶೋಭೆಯಲ್ಲ. ಲೆಕ್ಕ ತಾಳೆಯಾಗದಿದ್ದರೆ ತಾಳೆ ಮಾಡಿಯೇ ಎದ್ದು ಹೋಗಬೇಕೆಂಬುದು ನಮ್ಮ ವೃತ್ತಿಯ ನಿಯಮ. ಆದುದರಿಂದ ಮೂರು ಸೂಚನೆಗಳನ್ನು ಸಭೆಯ ಮುಂದೆ ಇಡುತ್ತೇವೆ.

ಮೊದಲನೆಯದು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ಒಂದಾದ ಸಂಸ್ಥೆಯನ್ನು ತಾವು ಬಲ್ಲಿರಿ. ಅದು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಪ್ರಾರಂಭಿಸಿತು. ಬಡವನ ಮನೆ ಬಾಗಿಲಿಗೆ ಏಜೆಂಟನು ದಿನವೂ ಬಂದು ಎರಡಾಣೆ ಪಡೆದು ಹೋಗುವನು. ಆ ಎರಡಾಣೆಯೇ ಕೂಡಿ ಮಗಳ ಮದುವೆಗೋ ಮನೆಯ ಹಂಚಿಗೋ ಒದಗುವುದು. ಬಿಡುವಿಗೂ ಅಂಥದೊಂದು ಪಿಗ್ಮಿ ಬೇಕು. ದಿನಕ್ಕೆ ಹದಿನೈದು ನಿಮಿಷ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಕನ್ನಡ ಓದುವುದು. ವರ್ಷದ ಕೊನೆಗೆ ಅದು ೯೧ ಗಂಟೆಯಾಗುತ್ತದೆ. ವರ್ಣಮಾಲೆ ಕಲಿಯಲು ಅಷ್ಟು ಸಾಕು. ಕಥೆಯ ರುಚಿ ಹತ್ತಲೂ ಸಾಕು.

ಎರಡನೆಯದು. ತಿಂಗಳ ಎರಡನೆಯ ಶನಿವಾರ ಸಂಘದ ಬಾಗಿಲು ತೆರೆದಿರಲಿ. ಬೀರುವಿನ ಕೀಲಿ ಸರದಿಯಂತೆ ಒಬ್ಬೊಬ್ಬ ಬ್ಯಾಂಕಿನವರ ಕೈಯಲ್ಲಿರಲಿ. ನಮಗೆ ಕೀಲಿ ಕಾಯುವ ಅಭ್ಯಾಸವಿದೆ. ಹೊತ್ತು ಮಧ್ಯಾಹ್ನ ಮೂರರಿಂದ ಐದು. ಆ ಹೊತ್ತೇ ಏಕೆಂದರೆ, ಹೋಟೆಲಿನಲ್ಲಿ ಊಟದ ಗಿರಾಕಿ ಮುಗಿದು ಸಂಜೆಯ ಕಾಫಿಯ ಗಿರಾಕಿ ಬರುವುದರೊಳಗೆ ನಮ್ಮ ಹುಡುಗರಿಗೆ ಉಸಿರಾಡಲು ಸಿಗುವುದು ಆ ಹೊತ್ತು. ಸಂಜೆ ಆರಕ್ಕೆ ಸಭೆ ಕರೆದು, ಹೋಟೆಲಿನವರು ಬರಲೇ ಇಲ್ಲವೆನ್ನುವುದು ನ್ಯಾಯವಲ್ಲ.

ಮೂರನೆಯದು. ಆ ದಿನ ಚಹಾ ಅವಲಕ್ಕಿಯ ವ್ಯವಸ್ಥೆ ಗಂಡಸರದು. ಪಾತ್ರೆ ತೊಳೆಯುವುದೂ ಗಂಡಸರದೇ. ಮನೆಯಲ್ಲಿಯೂ ಆ ಮಧ್ಯಾಹ್ನದ ಅಡಿಗೆ ನಮ್ಮ ಪಾಲಿಗಿರಲಿ. ಉಪ್ಪು ಹೆಚ್ಚಾದರೆ ಹೆಚ್ಚಾಗಲಿ. ಹೆಂಗಸರು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ಭಾಷಣ ಕೇಳುವುದು ನಿಂತು, ಮುಂದಿನ ಸಾಲಿನಲ್ಲಿ ಕುಳಿತು ಕೇಳುವಂತಾಗಬೇಕು. ಅವರು ಹೇಳಬೇಕು, ನಾವು ಕೇಳಬೇಕು. ಮುಂದಿನ ವರ್ಷ ಈ ವೇದಿಕೆಯಲ್ಲಿ ಬಿಡುವಿನ ಲೆಕ್ಕವನ್ನು ಭಾರವಾರವೆಂದ ಆ ಅಕ್ಕನವರೇ ಓದಿ ಹೇಳಲಿ ಎಂಬುದು ನಮ್ಮ ಬೇಡಿಕೆ. ಆಗ ಲೆಕ್ಕ ತಪಾಸಣೆ ಸರಿಯಾಗಿ ನಡೆದೀತು.

ರಜೆ ಕೊಡುವವರು ಕೊಡಲಿ, ಹೆಚ್ಚು ಕೊಟ್ಟರೆ ಸಂತೋಷ. ಬಿಡುವನ್ನು ಮಾತ್ರ ನಾವು ನಾವೇ ಬಿಡಿಸಿಕೊಂಡು, ಅದನ್ನು ಮನೆಯವರೊಡನೆ ಸಮನಾಗಿ ಹಂಚಿಕೊಂಡು, ಅದರಲ್ಲೊಂದು ಪಾಲನ್ನು ಕನ್ನಡಕ್ಕೆ ಕಟ್ಟೋಣ. ತಮ್ಮ ಅಮೂಲ್ಯವಾದ ಬಿಡುವಿನಲ್ಲಿ ಅರ್ಧ ಗಂಟೆಯನ್ನು ಈ ಗುಮಾಸ್ತನ ಖಾತೆಗೆ ಜಮೆ ಮಾಡಿದ್ದೀರಿ.